ಆರಿಸುವ ಸ್ವಿಚ್ಚು ಯಾರ ಕೈಯಲ್ಲಿದೆ?

ಪ್ರಶ್ನೆ: ನಾನು ಹವ್ಯಾಸಿ ಕಥೆಗಾರ. 2070ರ ಬೆಂಗಳೂರಿನಲ್ಲಿ ನಡೆಯುವ ಒಂದು ನೀಳ್ಗತೆಯನ್ನು ಬರೆದು ಇದರೊಂದಿಗೆ ಕಳಿಸಿದ್ದೇನೆ. ಅದರಲ್ಲಿ ಸರ್ಕಾರ ಪ್ರತಿ ಮನೆಯ ಪ್ರತಿ ಕೋಣೆಯಲ್ಲೂ ಕ್ಯಾಮೆರಾ ಇಟ್ಟಿದೆ, ಜನರ ಮಣಿಕಟ್ಟಿನೊಳಗೆ ಚಿಪ್ ಇದೆ, ಆಕಾಶದ ತುಂಬ ಡ್ರೋನ್‌ಗಳಿವೆ. ಓದಿದ ಗೆಳೆಯರು ‘ಸಿನಿಮಾ ಥರ ಇದೆ, ಆದರೆ ಭಯ ಆಗಲಿಲ್ಲ’ ಎಂದರು. ಡಿಸ್ಟೋಪಿಯ ಎಂದು ಹೆಸರಾದ ಕಾದಂಬರಿಗಳು ತಂತ್ರಜ್ಞಾನವನ್ನು ಹತೋಟಿಯ ಸಾಧನವಾಗಿ ಹೇಗೆ ತೋರಿಸಿವೆ? ಇನ್ನೊಂದು ಸಂದೇಹವೂ ಇದೆ. ಇವತ್ತು ನಾವೇ ದುಡ್ಡು ಕೊಟ್ಟು ಫೋನ್ ಕೊಂಡು ಜೇಬಿನಲ್ಲಿ ಇಟ್ಟುಕೊಂಡಿರುವಾಗ, ಬಲವಂತದ ಕಣ್ಗಾವಲನ್ನು ಹೇಳುವ ಆ ಹಳೆಯ ಪುಸ್ತಕಗಳು ಸವಕಲಾಗಿಲ್ಲವೇ?

ಉತ್ತರ: ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಎರಡನೆಯ ಸಲ ಪೆನ್ಸಿಲ್ ಹಿಡಿದು ಎಣಿಸಿದಾಗ 22 ಪುಟಗಳಲ್ಲಿ 14 ಬಗೆಯ ಉಪಕರಣಗಳು ಸಿಕ್ಕವು. ಅವುಗಳಲ್ಲಿ ಒಂದೂ ನನ್ನನ್ನು ಹೆದರಿಸಲಿಲ್ಲ. ನಿಮ್ಮ ಗೆಳೆಯರು ಸುಳ್ಳು ಹೇಳಿಲ್ಲ. ಆದರೆ ಒಂಬತ್ತನೆಯ ಪುಟದಲ್ಲಿ ಒಂದು ಸಣ್ಣ ಸಂಗತಿ ಇದೆ. ಮನೆಯವರೆಲ್ಲ ಮಲಗಿದ ಮೇಲೆ ಅಜ್ಜಿ ದೇವರ ಕೋಣೆಯ ಕ್ಯಾಮೆರಾದ ಮೇಲೆ ಒಂದು ಒದ್ದೆ ಟವೆಲನ್ನು ಇಳಿಬಿಡುತ್ತಾಳೆ. ಮರುದಿನ ಬೆಳಗಿನ ಜಾವ, ಯಾರೂ ಕೇಳುವ ಮೊದಲೇ, ಒಣಗಿದ ಆ ಟವೆಲನ್ನು ತಾನೇ ತೆಗೆದು ಮಡಿಸಿಡುತ್ತಾಳೆ. ಮೊಮ್ಮಗಳು ಬಾಗಿಲ ಸಂದಿಯಿಂದ ಅದನ್ನು ನೋಡುತ್ತಾಳೆ. ಸೈರನ್ ಕೂಗುವುದಿಲ್ಲ, ಅಧಿಕಾರಿ ಬರುವುದಿಲ್ಲ, ಆ ರಾತ್ರಿ ಕ್ಯಾಮೆರಾ ಕೆಲಸ ಮಾಡುತ್ತಿತ್ತೋ ಇಲ್ಲವೋ ಎಂಬುದೂ ತಿಳಿಯುವುದಿಲ್ಲ. ಇದನ್ನು ನೀವು ನಾಲ್ಕು ಸಾಲಿನಲ್ಲಿ ಮುಗಿಸಿ ಡ್ರೋನ್‌ಗಳ ಕಡೆಗೆ ಓಡಿದ್ದೀರಿ. ನನಗೆ ಮೈ ಜುಮ್ಮೆಂದದ್ದು ಅಲ್ಲಿ ಮಾತ್ರ, ಮತ್ತು ನಿಮ್ಮ ಮೊದಲ ಪ್ರಶ್ನೆಗೆ ಉತ್ತರದ ಬಹುಭಾಗ ಆ ನಾಲ್ಕು ಸಾಲುಗಳಲ್ಲೇ ಇದೆ.

ಡಿಸ್ಟೋಪಿಯ ಎಂದರೆ, ಎಲ್ಲವೂ ಸರಿಯಾಗಿರುವ ಸಮಾಜವೊಂದರ ಕನಸು ಅಲ್ಲಿ ಬದುಕುವವರ ಕೊರಳಿಗೆ ಉರುಳಾಗಿ ಪರಿಣಮಿಸುವುದನ್ನು ಹೇಳುವ ಕಥೆ. ಈ ಬಗೆಯ ಕಾದಂಬರಿಗಳನ್ನು ಓದುವವರಿಗೆ ನಾನು ಒಂದು ಕಿವಿಮಾತು ಹೇಳುವುದುಂಟು: ಅದರಲ್ಲಿ ಬರುವ ಯಂತ್ರ ಏನೇನು ಮಾಡಬಲ್ಲದು ಎಂಬುದನ್ನು ಹೆಚ್ಚು ಗಮನಿಸಬೇಡಿ, ಆ ವಿವರ ಜಾಹೀರಾತಿನಲ್ಲೂ ಸಿಗುತ್ತದೆ, ಅದನ್ನು ಆರಿಸುವ ಸ್ವಿಚ್ಚು ಎಲ್ಲಿದೆ, ಯಾರ ಕೈಗೆ ಎಟುಕುತ್ತದೆ, ಆರಿಸಿದವನ ಗತಿ ಏನಾಗುತ್ತದೆ ಎಂಬುದನ್ನು ಹುಡುಕಿ. ಸೋಜಿಗವೆಂದರೆ, ಈ ಪ್ರಕಾರದ ದೊಡ್ಡ ಕೃತಿಗಳಲ್ಲಿ ಹೆಚ್ಚಿನವು ಎಲ್ಲೋ ಒಂದು ಕಡೆ ಇಂಥ ಆರಿಸುವ, ಮುಚ್ಚುವ ಅಥವಾ ಪರದೆ ಎಳೆಯುವ ಪ್ರಸಂಗವನ್ನು ಇಟ್ಟುಕೊಂಡಿವೆ, ಮತ್ತು ಹತೋಟಿಯ ಬಗ್ಗೆ ಲೇಖಕ ಏನು ತಿಳಿದಿದ್ದಾನೆ ಎಂಬುದು ಅಲ್ಲಿ ಬಯಲಾದಷ್ಟು ಚೆನ್ನಾಗಿ ಬೇರೆಲ್ಲೂ ಬಯಲಾಗುವುದಿಲ್ಲ. ನಮ್ಮ ಭಾಷೆಯಲ್ಲಂತೂ ದೀಪ ನಂದಿಸುವುದಕ್ಕೂ, ಹಲವು ವಸ್ತುಗಳಲ್ಲಿ ಬೇಕಾದ್ದನ್ನು ಆಯ್ದುಕೊಳ್ಳುವುದಕ್ಕೂ ‘ಆರಿಸು’ ಎಂಬ ಒಂದೇ ಮಾತು ನಡೆಯುತ್ತದೆ. ಇವೆರಡರ ಮೂಲ ಬೇರೆಬೇರೆ ಎಂದು ವ್ಯಾಕರಣ ಬಲ್ಲವರು ಹೇಳಿಯಾರು. ಆದರೂ ಈ ಕಾದಂಬರಿಗಳನ್ನು ಓದುವಾಗ ಎರಡೂ ಅರ್ಥಗಳು ಒಟ್ಟಿಗೇ ನೆನಪಿಗೆ ಬರುತ್ತವೆ.

ಎಲ್ಲರಿಗೂ ಗೊತ್ತಿರುವ ಪುಸ್ತಕದಿಂದಲೇ ಶುರುಮಾಡೋಣ. ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿ, ಬರ್ಮಾದಲ್ಲಿ ವಸಾಹತು ಸರ್ಕಾರದ ಪೊಲೀಸ್ ಅಧಿಕಾರಿಯಾಗಿ ದುಡಿದು ಬೇಸತ್ತು ಹೊರಬಂದ ಜಾರ್ಜ್ ಆರ್ವೆಲ್, 1949ರ ಜೂನ್‌ನಲ್ಲಿ ಪ್ರಕಟವಾದ ‘1984’ ಕಾದಂಬರಿಯಲ್ಲಿ ಟೆಲಿಸ್ಕ್ರೀನ್ ಎಂಬ ಗೋಡೆಯ ತಗಡನ್ನು ಕಲ್ಪಿಸಿದ. ಅದು ಟಿವಿಯಂತೆ ತೋರಿಸುತ್ತದೆ, ಜೊತೆಗೆ ನೋಡುತ್ತದೆ, ಕೇಳಿಸಿಕೊಳ್ಳುತ್ತದೆ. ಮೊದಲ ಪುಟದಲ್ಲೇ ಆರ್ವೆಲ್ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಡುತ್ತಾನೆ. ಕಥಾನಾಯಕ ವಿನ್‌ಸ್ಟನ್ ವಾಸವಾಗಿರುವ ಕಟ್ಟಡದ ಲಿಫ್ಟ್ ಕೆಲಸ ಮಾಡುವುದಿಲ್ಲ, ಹಗಲು ಹೊತ್ತು ಕರೆಂಟನ್ನೇ ತೆಗೆದುಬಿಡುತ್ತಾರೆ, ಕಾಲಿನ ಹುಣ್ಣನ್ನು ಸಹಿಸಿಕೊಂಡು ಆತ ಏಳು ಮಹಡಿ ಹತ್ತಬೇಕು. ಹತ್ತಿ ಬಾಗಿಲು ತೆರೆದರೆ, ಟೆಲಿಸ್ಕ್ರೀನ್ ಮಾತ್ರ ಕಬ್ಬಿಣದ ಉತ್ಪಾದನೆಯ ಅಂಕಿಅಂಶಗಳನ್ನು ಒದರುತ್ತಲೇ ಇರುತ್ತದೆ. ಅದರ ದನಿಯನ್ನು ತಗ್ಗಿಸಬಹುದು, ಪೂರ್ತಿ ನಿಲ್ಲಿಸುವಂತಿಲ್ಲ. ಲೋಡ್ ಶೆಡ್ಡಿಂಗ್ ಕಂಡ ನಮಗೆ ಈ ಲೆಕ್ಕ ಬೇಗ ಹೊಳೆಯುತ್ತದೆ: ಲಿಫ್ಟಿಗೆ ಇಲ್ಲದ ಕರೆಂಟು ಪಹರೆಗೆ ಇದೆ. ಆ ದೇಶದಲ್ಲಿ ಗಡ್ಡ ಕೆರೆಯುವ ಬ್ಲೇಡು ಸಿಗುವುದೂ ಕಷ್ಟ. ನಿಮ್ಮ 2070ರ ಬೆಂಗಳೂರಿನಲ್ಲಿ ಎಲ್ಲ ಯಂತ್ರಗಳೂ ಫಳಫಳ ಹೊಳೆಯುತ್ತವೆ, ಎಲ್ಲವೂ ತಪ್ಪದೆ ಕೆಲಸ ಮಾಡುತ್ತವೆ. ಅದಕ್ಕೇ ಅವು ಷೋರೂಮಿನ ಸರಕಿನಂತೆ ಕಾಣುತ್ತವೆ.

ಇನ್ನು, ಟೆಲಿಸ್ಕ್ರೀನ್ ಯಾವಾಗಲೂ ಎಲ್ಲರನ್ನೂ ನೋಡುತ್ತದೆ ಎಂದು ಆರ್ವೆಲ್ ಎಲ್ಲಿಯೂ ಖಚಿತವಾಗಿ ಹೇಳುವುದಿಲ್ಲ. ಯಾವ ಹೊತ್ತಿನಲ್ಲಿ ಯಾರ ತಂತಿಗೆ ಪೊಲೀಸರು ಕಿವಿಗೊಡುತ್ತಾರೆ ಎಂಬುದು ಊಹೆಯ ವಿಷಯ, ಆದ್ದರಿಂದ ಎಲ್ಲ ಹೊತ್ತೂ ನೋಡುತ್ತಿದ್ದಾರೆ ಎಂದುಕೊಂಡೇ ಬದುಕಬೇಕು, ಬದುಕಿ ಬದುಕಿ ಅದೇ ಸ್ವಭಾವವಾಗಿಬಿಡುತ್ತದೆ. ಈ ತತ್ವವನ್ನು ಆರ್ವೆಲ್ ಕಂಡುಹಿಡಿದದ್ದಲ್ಲ. ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ 1791ರಲ್ಲಿ ಪ್ರಕಟಿಸಿದ ಪನಾಪ್ಟಿಕಾನ್ ಎಂಬ ಸೆರೆಮನೆಯ ನಕ್ಷೆಯಲ್ಲಿ, ದುಂಡನೆಯ ಕಟ್ಟಡದ ನಡುವಿನ ಗೋಪುರದಿಂದ ಕಾವಲುಗಾರನಿಗೆ ಎಲ್ಲ ಕೈದಿಗಳೂ ಕಾಣುತ್ತಾರೆ, ಕೈದಿಗಳಿಗೆ ಮಾತ್ರ ಅವನು ಇದ್ದಾನೋ ಇಲ್ಲವೋ ತಿಳಿಯುವುದಿಲ್ಲ. ಗೋಪುರ ಖಾಲಿಯಿದ್ದರೂ ಕೆಲಸ ನಡೆಯುತ್ತದೆ. ಆರ್ವೆಲ್ ಈ ನಕ್ಷೆಯನ್ನು ಮನೆಯೊಳಗೆ ತಂದು, ಅದರ ನಡುವೆ ಒಂದು ಬೆಳಗನ್ನು ಇಟ್ಟ. ಕಚೇರಿ ನೌಕರರೆಲ್ಲ ಟೆಲಿಸ್ಕ್ರೀನಿನ ಎದುರು ನಿಂತು ವ್ಯಾಯಾಮ ಮಾಡಬೇಕಾದ ಹೊತ್ತು. ಪರದೆಯ ಮೇಲಿನ ಹೆಂಗಸು ಎಲ್ಲರಿಗೂ ಸೇರಿಸಿ ಲೆಕ್ಕ ಹೇಳುತ್ತಿರುತ್ತಾಳೆ. ವಿನ್‌ಸ್ಟನ್ ಮೈ ಬಗ್ಗಿಸುತ್ತ ಮನಸ್ಸಿನಲ್ಲಿ ತನ್ನ ಬಾಲ್ಯವನ್ನು ಹುಡುಕುತ್ತಿರುತ್ತಾನೆ. ಇದ್ದಕ್ಕಿದ್ದಂತೆ ಅವಳು ಅವನ ಸಂಖ್ಯೆಯನ್ನೂ ಹೆಸರನ್ನೂ ಹಿಡಿದು ಕೂಗಿ, ಇನ್ನೂ ಕೆಳಕ್ಕೆ ಬಾಗಬೇಕೆಂದು ಗದರುತ್ತಾಳೆ. ಅವನು ಬಾಗುತ್ತಾನೆ, ಕೈಬೆರಳು ಕಾಲ್ಬೆರಳಿಗೆ ತಾಗುತ್ತದೆ, ಅವಳು ಭೇಷ್ ಎನ್ನುತ್ತಾಳೆ. ಅಷ್ಟೆ. ಹೊಡೆತ ಬಡಿತ ಏನೂ ಇಲ್ಲ. ಆದರೆ ಲಕ್ಷಾಂತರ ಜನರಿಗೆ ಕೇಳಿಸುವ ಸಾಮಾನ್ಯ ದನಿಯೊಂದು ಒಬ್ಬನ ಹೆಸರಿನ ಮೇಲೆ ಬಂದು ನಿಂತ ಆ ಒಂದು ಕ್ಷಣ, ಉಳಿದ ಇಡೀ ಕಾದಂಬರಿಗೆ ಸಾಕಾಗುವಷ್ಟು ಭಯವನ್ನು ಓದುಗನಲ್ಲಿ ತುಂಬಿಡುತ್ತದೆ.

ಈಗ ಸ್ವಿಚ್ಚಿನ ಮಾತಿಗೆ ಬರುತ್ತೇನೆ. ಕಾದಂಬರಿಯ ಎರಡನೆಯ ಭಾಗದಲ್ಲಿ ವಿನ್‌ಸ್ಟನ್ ಮತ್ತು ಅವನ ಪ್ರೇಯಸಿ ಜೂಲಿಯಾ, ಆಳುವವರ ವಿರುದ್ಧ ತಮ್ಮ ಕಡೆಯವನೇ ಇರಬೇಕೆಂದು ನಂಬಿ, ಓಬ್ರಿಯನ್ ಎಂಬ ದೊಡ್ಡ ಅಧಿಕಾರಿಯ ಮನೆಗೆ ಹೋಗುತ್ತಾರೆ. ಆತ ಎದ್ದು ಗೋಡೆಯ ಬಳಿ ಹೋಗಿ ಒಂದು ಗುಂಡಿ ಒತ್ತುತ್ತಾನೆ; ಟೆಲಿಸ್ಕ್ರೀನಿನ ದನಿ ನಿಂತುಹೋಗುತ್ತದೆ. ಜೂಲಿಯಾ ಬೆಚ್ಚಿ ಸಣ್ಣಗೆ ಚೀರುತ್ತಾಳೆ. ಎಂದೂ ನಿಂತದ್ದೇ ಇಲ್ಲದ ದನಿ ನಿಲ್ಲಬಹುದು ಎಂಬುದೇ ಅವರಿಗೆ ಹೊಸ ಸುದ್ದಿ. ಅದು ತಮ್ಮಂಥವರಿಗಿರುವ ವಿಶೇಷ ಸವಲತ್ತು ಎಂದು ಓಬ್ರಿಯನ್ ಶಾಂತವಾಗಿ ತಿಳಿಸುತ್ತಾನೆ. ಆಮೇಲೆ, ತಾವು ಕೂಡ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಅದನ್ನು ಆರಿಸಿಡುವುದು ಜಾಣತನವಲ್ಲ ಎಂದೂ ಸೇರಿಸುತ್ತಾನೆ. ಈ ಅರ್ಧ ಗಂಟೆಯ ಲೆಕ್ಕವನ್ನು ಅನೇಕ ಓದುಗರು ಗಮನಿಸದೆ ದಾಟಿಬಿಡುತ್ತಾರೆ. ಯಜಮಾನನಿಗೂ ಮೂವತ್ತು ನಿಮಿಷದ ಸ್ವಾತಂತ್ರ್ಯ ಮಾತ್ರ ದಕ್ಕಿರುವ ವ್ಯವಸ್ಥೆ ಅದು. ಮತ್ತೂ ಕೆಟ್ಟದ್ದು ಮುಂದಿದೆ. ಮೂರನೆಯ ಭಾಗದಲ್ಲಿ, ಓಬ್ರಿಯನ್‌ನೇ ನಡೆಸುವ ಚಿತ್ರಹಿಂಸೆಯ ಕೋಣೆಯಲ್ಲಿ, ತಾನು ನಿಮಗಿಂತ ನೈತಿಕವಾಗಿ ಮೇಲಿನವನು ಎಂದು ವಿನ್‌ಸ್ಟನ್ ಹೇಳಿದಾಗ ಓಬ್ರಿಯನ್ ಉತ್ತರ ಕೊಡುವುದಿಲ್ಲ. ಬದಲಿಗೆ ಒಂದು ಧ್ವನಿಮುದ್ರಣ ಕೇಳಿಸುತ್ತದೆ. ಅದು ಅದೇ ರಾತ್ರಿಯದು. ಆಳುವವರ ವಿರುದ್ಧದ ಗುಪ್ತ ಚಳವಳಿಗಾಗಿ ಸುಳ್ಳು ಹೇಳುತ್ತೇನೆ, ಕೊಲೆ ಮಾಡುತ್ತೇನೆ, ಮಗುವಿನ ಮುಖಕ್ಕೆ ಆ್ಯಸಿಡ್ ಎರಚುವುದಕ್ಕೂ ಸಿದ್ಧ ಎಂದು ವಿನ್‌ಸ್ಟನ್ ಒಪ್ಪಿಕೊಂಡ ಮಾತುಗಳು ಅವನದೇ ದನಿಯಲ್ಲಿ ಹೊರಬರುತ್ತವೆ. ಅಂದರೆ ಸ್ವಿಚ್ಚು ಆರಿಸಿದ್ದು ಒಂದು ನಾಟಕ. ಆರಿದ್ದು ಬರೀ ಟೆಲಿಸ್ಕ್ರೀನಿನ ದನಿ.

ನನಗೆ ಈ ಕಾದಂಬರಿಯಲ್ಲಿ ಅತ್ಯಂತ ದಾರುಣವಾಗಿ ಕಾಣುವ ಉಪಕರಣ ಮಾತ್ರ ಟೆಲಿಸ್ಕ್ರೀನ್ ಅಲ್ಲ, ಬಾಗಿಲಿನ ಕೀಲಿಕಂಡಿ. ವಿನ್‌ಸ್ಟನ್‌ನ ನೆರೆಮನೆಯ ಪಾರ್ಸನ್ಸ್ ಎಂಬ ಪೆದ್ದು ರಾಜಭಕ್ತ ನಿದ್ದೆಯಲ್ಲಿ ನಾಯಕನಿಗೆ ಧಿಕ್ಕಾರ ಕೂಗುತ್ತಾನೆ. ಅವನ ಏಳು ವರ್ಷದ ಮಗಳು ಕೀಲಿಕಂಡಿಗೆ ಕಿವಿಯಿಟ್ಟು ಕೇಳಿಸಿಕೊಂಡು ಮರುದಿನ ಪಹರೆಯವರಿಗೆ ತಿಳಿಸುತ್ತಾಳೆ. ಸೆರೆಮನೆಗೆ ಬಂದ ಪಾರ್ಸನ್ಸ್ ಮಗಳ ಚುರುಕುತನವನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾನೆ. ಗೋಡೆಯಲ್ಲಿ ಅಷ್ಟು ದೊಡ್ಡ ಯಂತ್ರವಿದ್ದೂ ಅವನನ್ನು ಹಿಡಿದುಕೊಟ್ಟದ್ದು ಮಗಳ ಕಿವಿ. ಯಂತ್ರ ಎಲ್ಲವನ್ನೂ ಕೇಳಿಸಿಕೊಳ್ಳಬೇಕಾಗಿಲ್ಲ, ಕೇಳಿಸಿಕೊಳ್ಳುವುದು ಒಳ್ಳೆಯ ಮಕ್ಕಳ ಲಕ್ಷಣ ಎಂದು ಮನೆಯವರಿಗೆ ಕಲಿಸಿದರೆ ಸಾಕು. ಆ ದೇಶದ ಜನಸಂಖ್ಯೆಯ ಶೇ. 85ರಷ್ಟಿರುವ ದುಡಿಯುವ ವರ್ಗದ ಹೆಚ್ಚಿನವರ ಮನೆಯಲ್ಲಿ ಟೆಲಿಸ್ಕ್ರೀನೇ ಇಲ್ಲ ಎಂಬುದನ್ನೂ ನೆನಪಿಡಿ. ನೀವು ಮನೆಮನೆಗೂ ಕ್ಯಾಮೆರಾ ಹಂಚಿದ್ದೀರಿ. ಆರ್ವೆಲ್ ಅಷ್ಟು ಉದಾರಿಯಾಗಿರಲಿಲ್ಲ. (ಈ ಕಾದಂಬರಿಯಲ್ಲಿ ಆ ನಾಯಕನಿಗಿರುವ ‘ಬಿಗ್ ಬ್ರದರ್’ ಎಂಬ ಹೆಸರು 1999ರಲ್ಲಿ ನೆದರ್‌ಲ್ಯಾಂಡ್ಸ್‌ನ ಒಂದು ಟಿವಿ ಆಟಕ್ಕೆ ಹೋಗಿ, ಭಾರತದಲ್ಲಿ ‘ಬಿಗ್ ಬಾಸ್’ ಆಗಿ, 2013ರಲ್ಲಿ ಕನ್ನಡಕ್ಕೂ ಬಂತು. ಕ್ಯಾಮೆರಾ ತುಂಬಿದ ಮನೆಯೊಳಗೆ ಹೋಗಲು ಜನ ಸ್ಪರ್ಧೆಗಿಳಿಯುತ್ತಾರೆ ಎಂಬ ಸಾಧ್ಯತೆ ಆರ್ವೆಲ್‌ಗೆ ಹೊಳೆದಿರಲಿಲ್ಲ. ಅದು ಹೊಳೆದಿದ್ದವರ ಬಗ್ಗೆ ಮುಂದೆ ಬರೆಯುತ್ತೇನೆ.)

ಆರ್ವೆಲ್‌ಗಿಂತ ಮೊದಲೇ ರಷ್ಯಾದ ಯೆವ್ಗೆನಿ ಜಮ್ಯಾತಿನ್ 1920-21ರ ಸುಮಾರಿಗೆ ‘ನಾವು’ ಎಂಬ ಅರ್ಥದ ಹೆಸರಿನ ಕಾದಂಬರಿಯನ್ನು ಬರೆದಿದ್ದ. ಸ್ವದೇಶದಲ್ಲಿ ಪ್ರಕಟಣೆಗೆ ಅವಕಾಶ ಸಿಗದೆ ಅದು 1924ರಲ್ಲಿ ನ್ಯೂಯಾರ್ಕಿನಲ್ಲಿ ಇಂಗ್ಲಿಷ್ ಅನುವಾದವಾಗಿ ಹೊರಬಂತು. ಸೋವಿಯತ್ ಒಕ್ಕೂಟದಲ್ಲಿ ಬೆಳಕು ಕಂಡದ್ದು 1988ರಲ್ಲಿ. ಜಮ್ಯಾತಿನ್ ಹಡಗು ಕಟ್ಟುವ ಎಂಜಿನಿಯರ್. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ನಿಂತು, ಹಿಮ ಒಡೆಯುವ ಹಡಗುಗಳ ನಿರ್ಮಾಣದ ಮೇಲ್ವಿಚಾರಣೆ ನೋಡಿಕೊಂಡಿದ್ದವನು. ಅವನಿಗೆ ಯಂತ್ರಗಳನ್ನು ಕಂಡರೆ ದ್ವೇಷವಿರಲಿಲ್ಲ ಎಂಬುದು ಪುಟಪುಟದಲ್ಲೂ ತಿಳಿಯುತ್ತದೆ. ಕಥೆ ಹೇಳುವ ಡಿ-503 (ಆ ನಾಡಿನಲ್ಲಿ ಜನರಿಗೆ ಹೆಸರಿನ ಬದಲು ಸಂಖ್ಯೆ) ಕೂಡ ಬಾಹ್ಯಾಕಾಶ ನೌಕೆಯೊಂದನ್ನು ಕಟ್ಟುತ್ತಿರುವ ಎಂಜಿನಿಯರ್. ಕಾರ್ಮಿಕರ ಒಂದೊಂದು ಚಲನೆಯನ್ನೂ ಗಡಿಯಾರ ಹಿಡಿದು ಅಳೆದ ಅಮೆರಿಕದ ಫ್ರೆಡರಿಕ್ ಟೇಲರ್‌ನನ್ನು ಈ ಡಿ-503 ತತ್ವಜ್ಞಾನಿಗಳಿಗಿಂತ ಮೇಲಿನ ಪೀಠದಲ್ಲಿ ಕೂರಿಸುತ್ತಾನೆ. ಅವನ ನಾಡಿನಲ್ಲಿ ಊಟದ ಒಂದು ತುತ್ತನ್ನು 50 ಸಲ ಅಗಿಯಬೇಕೆಂಬ ನಿಯಮವಿದೆ, ಎಲ್ಲರೂ ಒಂದೇ ತಾಳಕ್ಕೆ ಅಗಿಯುತ್ತಾರೆ. ಬೀದಿಗಳಲ್ಲಿ ಮಾತುಗಳನ್ನು ಹಿಡಿದಿಡುವ ತೆಳು ಪೊರೆಗಳಿವೆ. ಆದರೆ ಇವೆಲ್ಲಕ್ಕಿಂತ ಸರಳವಾದ ಸಾಧನ ಗಾಜು. ಮನೆಗಳ ಗೋಡೆ, ನೆಲ, ಛಾವಣಿ ಎಲ್ಲವೂ ಗಾಜಿನವು. ಪರದೆ ಇಳಿಬಿಡಬೇಕಾದರೆ, ನಿಗದಿಯಾದ ಹೊತ್ತಿನಲ್ಲಿ, ನಿಗದಿಯಾದ ಸಂಗಾತಿಯ ಹೆಸರಿನ ಗುಲಾಬಿ ಬಣ್ಣದ ಚೀಟಿಯನ್ನು ಕೆಳಗಿನ ಕಾವಲಿನವರಿಗೆ ತೋರಿಸಿ ಅನುಮತಿ ಪಡೆಯಬೇಕು. ಪರದೆ ಇದೆ, ಎಳೆಯುವ ಹಗ್ಗವೂ ಮನೆಯೊಳಗೇ ಇದೆ; ಎಳೆಯುವ ಹಕ್ಕು ಮಾತ್ರ ಚೀಟಿಯಲ್ಲಿದೆ. ಡಿ-503ಗೆ ಇದರಲ್ಲಿ ಕೊರಗೇನೂ ಇಲ್ಲ, ಮುಚ್ಚಿಡುವಂಥದ್ದು ತಮ್ಮಲ್ಲಿ ಏನಿದೆ ಎಂದು ಅವನೇ ನಮ್ಮನ್ನು ಕೇಳುತ್ತಾನೆ. ಹತೋಟಿಗೆ ಒಳಗಾದವನ ಬಾಯಲ್ಲೇ ಹತೋಟಿಯ ಹೊಗಳಿಕೆಯನ್ನು ಹೇಳಿಸಿದ್ದು ಜಮ್ಯಾತಿನ್‌ನ ದೊಡ್ಡ ಕಸುಬು. ನಿಮ್ಮ ನಾಯಕ ಮೊದಲ ಪುಟದಿಂದಲೇ ಬಂಡಾಯದ ಭಾಷಣ ಮಾಡುವುದರಿಂದ ಈ ದಾರಿ ನಿಮಗೆ ಮುಚ್ಚಿಹೋಗಿದೆ.

ಸ್ವಿಚ್ಚು ಇನ್ನೂ ದೂರ ಹೋಗುವುದನ್ನು ನೋಡಬೇಕಾದರೆ ಕೆನಡಾದ ಮಾರ್ಗರೆಟ್ ಅಟ್ವುಡ್ ಅವರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಓದಬೇಕು. 1984ರಲ್ಲಿ ಪಶ್ಚಿಮ ಬರ್ಲಿನ್‌ನಲ್ಲಿದ್ದಾಗ ಬಾಡಿಗೆಯ ಟೈಪ್‌ರೈಟರ್ ಇಟ್ಟುಕೊಂಡು ಅವರು ಬರೆಯತೊಡಗಿದ ಈ ಕಾದಂಬರಿ 1985ರಲ್ಲಿ ಪ್ರಕಟವಾಯಿತು. ಮನುಷ್ಯರು ಎಂದೂ ಎಲ್ಲಿಯೂ ಮಾಡಿರದ ಯಾವುದನ್ನೂ ಇದರೊಳಗೆ ಸೇರಿಸಬಾರದು ಎಂದು ಅಟ್ವುಡ್ ತಮಗೆ ತಾವೇ ಕಟ್ಟಳೆ ಹಾಕಿಕೊಂಡಿದ್ದರು. ಅದರಲ್ಲಿ ತಂತ್ರಜ್ಞಾನ ಮುಖ್ಯವಾಗಿ ಕೆಲಸ ಮಾಡುವುದು ಒಂದೇ ಒಂದು ಬೆಳಗ್ಗೆ. ನೋಟು-ನಾಣ್ಯಗಳು ಮರೆಯಾಗಿ ಎಲ್ಲರೂ ಕಂಪ್ಯೂಟರಿನ ಲೆಕ್ಕದಲ್ಲೇ ವ್ಯವಹರಿಸುತ್ತಿರುವ ಕಾಲ. ಕಥೆ ಹೇಳುವ ಹೆಂಗಸು ಕೆಲಸಕ್ಕೆ ಹೋಗುವ ದಾರಿಯಲ್ಲಿ ದಿನವೂ ಹೋಗುವ ಅಂಗಡಿಗೆ ಸಿಗರೇಟು ಕೊಳ್ಳಲು ಹೋಗುತ್ತಾಳೆ. ಗಲ್ಲೆಯಲ್ಲಿ ಯಾವಾಗಲೂ ಇರುವಾಕೆ ಇಲ್ಲ, ಒಬ್ಬ ಹುಡುಗ ಕುಳಿತಿದ್ದಾನೆ. ಅವಳ ಕಾರ್ಡನ್ನು ತೆಗೆದುಕೊಂಡು ಸಂಖ್ಯೆ ಒತ್ತಿ, ಇದು ಚಾಲ್ತಿಯಲ್ಲಿಲ್ಲ ಎನ್ನುತ್ತಾನೆ. ಸಾವಿರಾರು ಡಾಲರ್ ಇದೆಯಲ್ಲ, ಮೊನ್ನೆ ತಾನೇ ಲೆಕ್ಕ ಬಂದಿದೆ, ಇನ್ನೊಮ್ಮೆ ನೋಡಿ ಎಂದು ಆಕೆ ಹೇಳುತ್ತಾಳೆ. ಹುಡುಗ ಮತ್ತೆ ಒತ್ತಿ ಕೆಂಪು ದೀಪ ತೋರಿಸುತ್ತಾನೆ, ಇದು ಉರಿದರೆ ಚಾಲ್ತಿಯಲ್ಲಿಲ್ಲ ಎಂದೇ ಅರ್ಥ. ಸಂಜೆಯ ಹೊತ್ತಿಗೆ ಗೊತ್ತಾಗುತ್ತದೆ: ಹೆಸರಿನ ಮುಂದೆ ಹೆಣ್ಣು ಎಂಬ ಗುರುತಿರುವ ಎಲ್ಲ ಖಾತೆಗಳನ್ನೂ ಅಧಿಕಾರ ಹಿಡಿದ ಹೊಸ ಆಳ್ವಿಕೆ ಒಂದೇ ಏಟಿಗೆ ನಿಲ್ಲಿಸಿದೆ, ಅವಳ ಹಣವನ್ನು ಇನ್ನು ಗಂಡ ಬಳಸಬಹುದು. ಜನರ ಕೈಯಲ್ಲಿ ನೋಟುಗಳು ಇದ್ದಿದ್ದರೆ ಇದು ಇಷ್ಟು ಸಲೀಸಾಗುತ್ತಿರಲಿಲ್ಲ ಎಂದು ಆಕೆ ಎಷ್ಟೋ ಕಾಲದ ಮೇಲೆ ಯೋಚಿಸುತ್ತಾಳೆ.

ಈ ಪ್ರಸಂಗವನ್ನು ನಾನು ಹಲವರಿಗೆ ಓದಿ ಹೇಳಿದ್ದೇನೆ. ಕೇಳಿದವರ ಮುಖ ಬದಲಾಗುವುದು ಸೈನಿಕರು ಬಂದೂಕು ಹಿಡಿದು ನಿಂತ ಮಾತಿಗಲ್ಲ, ಕೆಂಪು ದೀಪದ ಮಾತಿಗೆ. ಕಾರಣ ಸರಳ. ನ್ಯಾಯಬೆಲೆ ಅಂಗಡಿಯ ಮುಂದೆ ಹೆಬ್ಬೆಟ್ಟು ತಾಳೆಯಾಗದೆ ನಿಂತವರಿಗಾಗಲಿ, ಪೇಟೆಯಲ್ಲಿ ಸಾಮಾನು ಕಟ್ಟಿಸಿದ ಮೇಲೆ ಕಾರ್ಡು ನಡೆಯದೆ ಹಿಂದಿನವರ ದೃಷ್ಟಿಗೆ ಬೆನ್ನು ಕೊಟ್ಟು ನಿಂತವರಿಗಾಗಲಿ ಆ ಹುಡುಗನ ಪರಿಚಯ ಇದ್ದೇ ಇರುತ್ತದೆ. ಅವನು ಕೆಟ್ಟವನಲ್ಲ. ಅವನೊಂದಿಗೆ ಜಗಳವಾಡಿ ಪ್ರಯೋಜನವಿಲ್ಲ, ಏಕೆಂದರೆ ತೀರ್ಮಾನ ಅವನದಲ್ಲ. ಅಂಗಲಾಚಿಯೂ ಪ್ರಯೋಜನವಿಲ್ಲ, ಏಕೆಂದರೆ ದೀಪಕ್ಕೆ ಕಿವಿಯಿಲ್ಲ. ಹಳೆಯ ಕಾಲದ ದೊರೆಯ ಎದುರು ಕಾಲಿಗೆ ಬಿದ್ದು ಬೇಡಿಕೊಳ್ಳುವ ಅವಕಾಶವಾದರೂ ಇತ್ತು. ತಂತ್ರಜ್ಞಾನ ಹತೋಟಿಯ ಸಾಧನವಾದಾಗ ಮೊದಲು ಕಳೆದುಹೋಗುವುದು ಈ ಬೇಡಿಕೊಳ್ಳಬಹುದಾದ ಮುಖ. ಇಲ್ಲಿ ಯಂತ್ರವನ್ನು ಆರಿಸುವ ಪ್ರಶ್ನೆಯೇ ಏಳುವುದಿಲ್ಲ, ಆರಿಸಲ್ಪಟ್ಟವಳು ಆ ಹೆಂಗಸೇ. ಅಷ್ಟಾದ ಮೇಲೆ ಗಿಲಿಯಡ್ ಎಂಬ ಆ ಹೊಸ ಆಳ್ವಿಕೆಗೆ ಕಂಪ್ಯೂಟರಿನ ಹಂಗು ಅಷ್ಟಾಗಿ ಬೇಕಾಗುವುದಿಲ್ಲ. ಹೆಂಗಸರಿಗೆ ಓದು ನಿಷೇಧಿಸಿ, ಅಂಗಡಿಯ ಫಲಕಗಳಲ್ಲಿ ಅಕ್ಷರ ಅಳಿಸಿ ಚಿತ್ರ ಬರೆದು, ಅದು ನೂರಾರು ವರ್ಷ ಹಿಂದಕ್ಕೆ ಹೋಗಿ ಕೂರುತ್ತದೆ. ಒಂದೇ ಒಂದು ಬೆಳಗಿನ ಕೆಲಸಕ್ಕೆ ಯಂತ್ರ ಬೇಕಾಗಿತ್ತು.

ಇನ್ನು ನಿಮ್ಮ ಎರಡನೆಯ ಸಂದೇಹ. ನಾವೇ ಕೊಂಡು ತಂದ ಯಂತ್ರ ನಮ್ಮನ್ನು ಆಳುವುದನ್ನು ಹಳಬರು ಕಾಣಲಿಲ್ಲ ಎಂಬ ಮಾತು ಈಚೆಗೆ ಬಹಳ ಕೇಳಿಬರುತ್ತದೆ. ‘1984’ ಒಂದನ್ನೇ ಓದಿ ನಿಲ್ಲಿಸಿದವರು ಹೀಗೆ ಹೇಳುವುದು ಸಹಜ. ಆದರೆ ಆರ್ವೆಲ್‌ಗಿಂತ 40 ವರ್ಷ ಮೊದಲು, 1909ರಲ್ಲಿ, ಮುಂದೆ ಭಾರತಕ್ಕೆ ಬಂದು ದೇವಾಸ್ ಸಂಸ್ಥಾನದ ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿ ಕೆಲಸ ಮಾಡಿದ ಇ. ಎಂ. ಫಾರ್ಸ್ಟರ್ ‘ದಿ ಮಷೀನ್ ಸ್ಟಾಪ್ಸ್’ ಎಂಬ ನೀಳ್ಗತೆಯನ್ನು ಪ್ರಕಟಿಸಿದ. ಮನುಷ್ಯರೆಲ್ಲ ನೆಲದಡಿಯಲ್ಲಿ, ಜೇನುಗೂಡಿನ ಕಣ್ಣಿನಂಥ ಆರು ಮೂಲೆಯ ಕೋಣೆಗಳಲ್ಲಿ ಒಬ್ಬೊಬ್ಬರೇ ಬದುಕುತ್ತಾರೆ. ಊಟ, ಸ್ನಾನ, ಸಂಗೀತ, ಔಷಧ, ಗೆಳೆಯರೊಂದಿಗೆ ಮಾತು, ಎಲ್ಲಕ್ಕೂ ಗುಂಡಿಗಳಿವೆ. ವಷ್ಟಿ ಎಂಬ ಹೆಂಗಸು ಭೂಮಿಯ ಇನ್ನೊಂದು ಮಗ್ಗುಲಲ್ಲಿರುವ ಮಗ ಕೂನೋನೊಂದಿಗೆ ಕೈಯಲ್ಲಿ ಹಿಡಿದ, ನೀಲಿ ಬೆಳಕಿನ ಒಂದು ದುಂಡು ತಟ್ಟೆಯ ಮೂಲಕ ಮುಖ ನೋಡಿ ಮಾತಾಡುತ್ತಾಳೆ. ಅವನು ಅಮ್ಮನನ್ನು ಯಂತ್ರದ ಮೂಲಕವಲ್ಲದೆ ನೋಡಬೇಕು ಎನ್ನುತ್ತಾನೆ. ಈಗ ನೋಡುತ್ತಲೇ ಇದ್ದೀಯಲ್ಲ ಎಂಬುದು ಅವಳ ಉತ್ತರ. ಗಮನಿಸಬೇಕಾದದ್ದು ಇಷ್ಟು: ಮಗನೊಂದಿಗೆ ಮಾತಾಡುವಾಗ ಬೇರೆಯವರ ಕರೆಗಳು ಬಾರದಂತೆ ತಡೆಯುವ ಗುಂಡಿಯನ್ನು ಅವಳು ಒತ್ತಿರುತ್ತಾಳೆ. ಮಾತು ಮುಗಿದು ಅದನ್ನು ಹಿಂದಕ್ಕೆ ತಿರುಗಿಸಿದ ಕೂಡಲೇ, ಮೂರು ನಿಮಿಷದಲ್ಲಿ ಜಮೆಯಾದ ಗಂಟೆಗಳೂ ದನಿಗಳೂ ಒಟ್ಟಿಗೇ ಅವಳ ಮೇಲೆ ಸುರಿಯುತ್ತವೆ: ಹೊಸ ಊಟ ಹೇಗಿದೆ, ಇತ್ತೀಚೆಗೆ ಏನಾದರೂ ಹೊಸ ವಿಚಾರ ಹೊಳೆಯಿತೇ, ಇಂಥ ಕಡೆಗೆ ಬರುತ್ತೀರಾ. ಬಹುಪಾಲು ಪ್ರಶ್ನೆಗಳಿಗೆ ಆಕೆ ಸಿಡುಕುತ್ತಲೇ ಉತ್ತರಿಸುತ್ತಾಳೆ. ಸಭೆಯಿಂದ ಹೊರಬಂದು ಫೋನಿನ ಏರೋಪ್ಲೇನ್ ಗುರುತನ್ನು ತೆಗೆದವರಿಗೆ ಈ ಮಳೆ ಹೊಸದೇನಲ್ಲ, ಮತ್ತು ಇದನ್ನು ಬರೆದಾಗ ರೇಡಿಯೋ ಪ್ರಸಾರವೂ ಮನೆಮನೆಗೆ ಬಂದಿರಲಿಲ್ಲ.

ಫಾರ್ಸ್ಟರ್‌ನ ಲೋಕದಲ್ಲಿ ದೊರೆಯಿಲ್ಲ, ಬೇಹುಗಾರರಿಲ್ಲ; ಗುಂಡಿಗಳೆಲ್ಲ ನಿಮ್ಮ ಕೈಯಲ್ಲೇ ಇವೆ. ಇಲ್ಲದ್ದು ಒಂದೇ, ಇಡೀ ಯಂತ್ರ ಹೇಗೆ ನಡೆಯುತ್ತದೆ ಎಂದು ಬಲ್ಲವರು. ಕಥೆಯ ಕೊನೆಯ ಭಾಗವನ್ನು ನಿಧಾನವಾಗಿ ಓದಿ. ಮೊದಲು ಸಂಗೀತದ ನಡುವೆ ವಿಚಿತ್ರ ಉಸಿರು ಕೇಳಿಸುತ್ತದೆ, ಆಮೇಲೆ ಸ್ನಾನದ ನೀರು ನಾರುತ್ತದೆ, ಕೃತಕ ಹಣ್ಣಿಗೆ ಬೂಷ್ಟು ಬರುತ್ತದೆ. ಜನ ಮೊದಮೊದಲು ದೂರು ಕೊಡುತ್ತಾರೆ, ಬರಬರುತ್ತ ಉಸಿರಿನ ಸದ್ದೂ ರಾಗದ ಭಾಗವೇ ಎಂಬಂತೆ ಒಗ್ಗಿಕೊಳ್ಳುತ್ತಾರೆ. ರಿಪೇರಿ ಮಾಡಬೇಕಾದ ಉಪಕರಣವೇ ರಿಪೇರಿಗೆ ಬಂದಿದೆ ಎಂದು ಒಂದು ದಿನ ಸಮಿತಿ ತಿಳಿಸುತ್ತದೆ. ದೂರು ಕೊಟ್ಟರೆ ಸ್ವೀಕೃತಿ ಸಂಖ್ಯೆ ಬಂದು ಅಲ್ಲಿಗೇ ಎಲ್ಲ ಮುಗಿಯುವ ಕಾಲದವರಾದ ನಮಗೆ ಇಲ್ಲಿ ನಗು ಬರುತ್ತದೆ, ಆ ನಗು ಬಹಳ ಹೊತ್ತು ಉಳಿಯುವುದಿಲ್ಲ.

ಸ್ವಿಚ್ಚು ಕೈಗೆಟುಕುವಷ್ಟು ಹತ್ತಿರವಿದ್ದೂ ಒತ್ತಲಾಗದ ಸ್ಥಿತಿಯನ್ನು ಇನ್ನೂ ಮೊನಚಾಗಿ ಹೇಳಿದವನು ಅಮೆರಿಕದ ರೇ ಬ್ರಾಡ್ಬರಿ. 1953ರ ಅವನ ‘ಫ್ಯಾರನ್‌ಹೀಟ್ 451’ ಕಾದಂಬರಿಯಲ್ಲಿ ಪುಸ್ತಕ ಸುಡುವುದೇ ಅಗ್ನಿಶಾಮಕ ದಳದ ಕೆಲಸ. ಅಂಥ ದಳದ ಮಾಂಟ್ಯಾಗ್‌ನ ಹೆಂಡತಿ ಮಿಲ್ಡ್ರೆಡ್ ಬೈಠಕ್‌ಖಾನೆಯ ಮೂರು ಗೋಡೆಗಳಿಗೆ ಟಿವಿ ಹಾಕಿಸಿಕೊಂಡಿದ್ದಾಳೆ, ನಾಲ್ಕನೆಯದು ಬೇಕೆಂದು ದುಂಬಾಲು ಬಿದ್ದಿದ್ದಾಳೆ. ಅದರ ಬೆಲೆ 2000 ಡಾಲರ್, ಗಂಡನ ವರ್ಷದ ಸಂಬಳದ ಮೂರನೆಯ ಒಂದು ಪಾಲು. ಧಾರಾವಾಹಿಯಲ್ಲಿ ಒಂದು ಪಾತ್ರದ ಮಾತನ್ನು ಖಾಲಿ ಬಿಟ್ಟು ಅವಳಿಗೆ ಅಂಚೆಯಲ್ಲಿ ಕಳಿಸುತ್ತಾರೆ, ಗೋಡೆಯ ಮೇಲಿನವರೆಲ್ಲ ಅವಳ ಕಡೆ ತಿರುಗಿದಾಗ ಅವಳು ತನ್ನ ಸಾಲನ್ನು ಹೇಳಬೇಕು. ಒಂದು ದಿನ ಮಾಂಟ್ಯಾಗ್ ಜ್ವರ ಬಂದು ಮಲಗಿರುತ್ತಾನೆ. ಟಿವಿ ಆರಿಸುತ್ತೀಯಾ ಎಂದು ಕೇಳುತ್ತಾನೆ. ಅವರು ನನ್ನ ಮನೆಯವರು ಎನ್ನುತ್ತಾಳೆ ಅವಳು. ಕಾಯಿಲೆಯವನಿಗೋಸ್ಕರವಾದರೂ ಆರಿಸು ಎಂದು ಮತ್ತೆ ಕೇಳಿದಾಗ, ದನಿ ಕಡಿಮೆ ಮಾಡುತ್ತೇನೆ ಎಂದು ಎದ್ದು ಹೋಗುತ್ತಾಳೆ. ಹೋಗಿ ಏನನ್ನೂ ಮಾಡದೆ ಹಿಂದಿರುಗಿ ಬಂದು, ಈಗ ಪರವಾಗಿಲ್ಲವೇ ಎಂದು ಕೇಳುತ್ತಾಳೆ. ಅವನು ಥ್ಯಾಂಕ್ಸ್ ಎನ್ನುತ್ತಾನೆ.

ಈ ‘ಥ್ಯಾಂಕ್ಸ್’ ನನ್ನ ಮಟ್ಟಿಗೆ ಈ ಪ್ರಕಾರದ ಸಾಹಿತ್ಯದಲ್ಲೇ ಬಹಳ ಭಯಂಕರವಾದ ಮಾತು. ಅಲ್ಲಿ ಪೊಲೀಸರಿಲ್ಲ, ಕಾನೂನಿಲ್ಲ, ಸ್ವಿಚ್ಚಿಗೂ ಕೈಗೂ ನಡುವೆ ಗಾಳಿಯಲ್ಲದೆ ಬೇರೇನೂ ಇಲ್ಲ. ಇದೆಲ್ಲ ಸರ್ಕಾರ ಮೇಲಿನಿಂದ ಹೇರಿದ್ದಲ್ಲ, ಜನ ತಾವಾಗಿಯೇ ಓದು ಬಿಟ್ಟ ಮೇಲೆ ಬೆಂಕಿ ಬಂತು ಎಂದು ದಳದ ಮುಖ್ಯಸ್ಥ ಬೀಟಿ ಉದ್ದಕ್ಕೆ ವಿವರಿಸುವ ಪ್ರಸಂಗವೊಂದಿದೆ. ಆ ಭಾಷಣ ಮುಗಿಯುವಾಗ ಹೊಳೆಯದ್ದು ಈ ಜ್ವರದ ದೃಶ್ಯದಲ್ಲಿ ಹೊಳೆಯುತ್ತದೆ. ಮುಂದೆ ಫೇಬರ್ ಎಂಬ ಹಳೆಯ ಮೇಷ್ಟರು ಮಾಂಟ್ಯಾಗ್‌ನಿಗೆ ಪುಸ್ತಕಕ್ಕೂ ಗೋಡೆ ಟಿವಿಗೂ ಇರುವ ವ್ಯತ್ಯಾಸವನ್ನು ಹೇಳುವಾಗಲೂ ಮುಚ್ಚುವುದನ್ನೇ ಅಳತೆಗೋಲಾಗಿ ಹಿಡಿಯುತ್ತಾನೆ: ಪುಸ್ತಕವನ್ನು ಮಡಿಚಿಟ್ಟು ಸ್ವಲ್ಪ ತಾಳು ಎನ್ನಬಹುದು, ಆ ಗೋಡೆಗಳ ಹಿಡಿತದಿಂದ ಹಾಗೆ ಬಿಡಿಸಿಕೊಂಡವರು ಯಾರಿದ್ದಾರೆ? ಇಷ್ಟು ಹೇಳಿದ ಕಾದಂಬರಿಯ ಮೊದಲ ರೂಪವನ್ನು ಬ್ರಾಡ್ಬರಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಅರ್ಧ ಗಂಟೆಗೆ 10 ಸೆಂಟ್ ನುಂಗುವ ಬಾಡಿಗೆ ಟೈಪ್‌ರೈಟರಿನ ಮುಂದೆ ಕುಳಿತು ಬರೆದ. ಒಟ್ಟು ಖರ್ಚು 9 ಡಾಲರ್ 80 ಸೆಂಟ್. ನಾಣ್ಯ ಮುಗಿದರೆ ತಾನಾಗಿ ನಿಲ್ಲುವ ಯಂತ್ರದ ಮೇಲೆ ಈ ಕಥೆ ಹುಟ್ಟಿದ್ದು ನನಗಂತೂ ತಮಾಷೆಯಾಗಿ ಕಾಣುತ್ತದೆ.

ಆಲ್ಡಸ್ ಹಕ್ಸ್ಲಿಯ ‘ಬ್ರೇವ್ ನ್ಯೂ ವರ್ಲ್ಡ್’ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1932ರ ಈ ಕಾದಂಬರಿಯನ್ನೂ ‘1984’ಅನ್ನೂ ಕುಸ್ತಿಗೆ ಬಿಟ್ಟು ಯಾರು ಗೆದ್ದರು ಎಂದು ತೀರ್ಪು ಕೊಡುವ ಲೇಖನಗಳು ಬೇಕಾದಷ್ಟಿವೆ. ಈಟನ್ ಶಾಲೆಯಲ್ಲಿ ಕೆಲಕಾಲ ಆರ್ವೆಲ್‌ನಿಗೆ ಫ್ರೆಂಚ್ ಕಲಿಸಿದ್ದ ಹಕ್ಸ್ಲಿ 1949ರ ಅಕ್ಟೋಬರಿನಲ್ಲಿ ಹಳೆಯ ಶಿಷ್ಯನಿಗೆ ಕಾಗದ ಬರೆದು, ದೊಣ್ಣೆ-ಸೆರೆಮನೆಗಳಿಗಿಂತ ಶಿಶುಗಳನ್ನು ಪಳಗಿಸುವುದು ಹೆಚ್ಚು ಫಲಕಾರಿಯೆಂದು ಮುಂದಿನ ಆಳುವವರು ಕಂಡುಕೊಳ್ಳುತ್ತಾರೆ ಎಂದು ವಾದಿಸಿ ಆ ಕುಸ್ತಿಯನ್ನು ತಾನೇ ಆರಂಭಿಸಿದ. ನಿಮಗೆ ಬೇಕಾದ ದೃಶ್ಯ ಅದರ ಎರಡನೆಯ ಅಧ್ಯಾಯದಲ್ಲಿದೆ: ಎಂಟು ತಿಂಗಳ ಕೂಸುಗಳ ಮುಂದೆ ಗುಲಾಬಿ ಹೂಗಳನ್ನೂ ಚಿತ್ರದ ಪುಸ್ತಕಗಳನ್ನೂ ಹರಡಿ, ಅವು ಕೇಕೆ ಹಾಕುತ್ತ ಹತ್ತಿರ ಹರಿದು ಬಂದಾಗ ಸೈರನ್ ಕೂಗಿಸಿ ನೆಲಕ್ಕೆ ಕರೆಂಟು ಹರಿಸುತ್ತಾರೆ. ಇನ್ನೂರು ಸಲ ಹೀಗಾದ ಮೇಲೆ ಯಾರೂ ಕಾವಲು ಕಾಯಬೇಕಾಗಿಲ್ಲ. ಸ್ವಿಚ್ಚು ಕೂಸಿನೊಳಗೇ ಹೋಗಿ ಕೂತಿತು. ಆ ಲೋಕದ ಸುಖದ ಗುಳಿಗೆಗೆ ನಮ್ಮ ವೇದಗಳ ಸೋಮರಸದಿಂದ ಹೆಸರು ತೆಗೆದುಕೊಂಡದ್ದು ಹಕ್ಸ್ಲಿಯ ಕುಹಕ.

ಆದ್ದರಿಂದ ಹಳೆಯ ಪುಸ್ತಕಗಳು ಸವಕಲಾಗಿವೆಯೇ ಎಂಬ ಸಂದೇಹಕ್ಕೆ ನನ್ನ ಉತ್ತರ ಇಲ್ಲ ಎಂದೇ. ಜೇಬಿನ ಫೋನನ್ನು ನಾವೇ ಕೊಂಡಿದ್ದೇವೆ ನಿಜ. ಆದರೆ ಒಂದು ವಾರ ಅದನ್ನು ಆರಿಸಿಟ್ಟರೆ ಸಂಬಳ, ರೇಷನ್, ಬ್ಯಾಂಕಿನ ಓಟಿಪಿ, ಮಗುವಿನ ಶಾಲೆಯ ಸೂಚನೆ ಇವುಗಳಲ್ಲಿ ಯಾವುದು ಮೊದಲು ನಿಲ್ಲುತ್ತದೆ ಎಂದು ಲೆಕ್ಕ ಹಾಕಿ ನೋಡಿದರೆ ಅಟ್ವುಡ್ ಅವರ ಕೆಂಪು ದೀಪ ಕಾಣುತ್ತದೆ. ಯಾವುದೂ ನಿಲ್ಲದಿದ್ದರೂ ಕೈ ಅದರ ಕಡೆಗೇ ಹೋಗುವುದನ್ನು ಗಮನಿಸಿದರೆ ಮಿಲ್ಡ್ರೆಡ್ ಕಾಣುತ್ತಾಳೆ. ಕೊಂಡದ್ದು ಯಾರು ಎಂಬುದಕ್ಕಿಂತ ಬಿಡುವುದು ಯಾರಿಗೆ ಸಾಧ್ಯ ಎಂಬ ಪ್ರಶ್ನೆ ಕಥೆಗಾರನಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಿಮ್ಮ ಕಥೆಗೆ ಹಿಂದಿರುಗುತ್ತೇನೆ. ಡ್ರೋನ್‌ಗಳನ್ನು ತೆಗೆದುಬಿಡಿ, ಮಣಿಕಟ್ಟಿನ ಚಿಪ್ಪನ್ನೂ ತೆಗೆಯಿರಿ. 14ರಲ್ಲಿ 13 ಹೋದರೂ ಕಥೆಗೆ ನಷ್ಟವಿಲ್ಲ. ದೇವರ ಕೋಣೆಯ ಕ್ಯಾಮೆರಾ ಒಂದೇ ಉಳಿಯಲಿ, ಅದೂ ಹಳೆಯದಾಗಿರಲಿ, ಊದುಬತ್ತಿಯ ಹೊಗೆಗೆ ಅದರ ಗಾಜು ಮಸುಕಾಗಿರಲಿ. ಅದನ್ನು ಒರೆಸಲು ತಿಂಗಳಿಗೊಮ್ಮೆ ಬರುವ ಗುತ್ತಿಗೆಯ ಹುಡುಗನೊಬ್ಬನಿದ್ದರೆ ಅವನಿಗೆ ಅಜ್ಜಿ ಕಾಫಿ ಕೊಡುತ್ತಾಳೋ ಇಲ್ಲವೋ ಎಂದು ಯೋಚಿಸಿ. ಬಂಡಾಯದ ಭಾಷಣವನ್ನು ನಿಮ್ಮ ನಾಯಕನಾದ ಅಜ್ಜಿಯ ಮಗನ ಬಾಯಿಂದ ಕಿತ್ತುಹಾಕಿ, ಕ್ಯಾಮೆರಾ ಬಂದಮೇಲೆ ಮನೆಯಲ್ಲಿ ಕಳ್ಳತನದ ಭಯ ಇಲ್ಲ ಎಂದು ಅವನು ನೆಂಟರಿಗೆ ಹೇಳಿಕೊಳ್ಳುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಒಂಬತ್ತನೆಯ ಪುಟವನ್ನು ಮೊದಲ ಪುಟ ಮಾಡಿ. ಅಜ್ಜಿ ಆ ರಾತ್ರಿ ಏಕೆ ಟವೆಲ್ ಹಾಕಿದಳು ಎಂಬುದನ್ನು ವಿವರಿಸಬೇಡಿ, ಏಕೆ ತೆಗೆದಳು ಎಂಬುದನ್ನೂ ವಿವರಿಸಬೇಡಿ. ಆದರೆ ಮೊಮ್ಮಗಳು ಬಾಗಿಲ ಸಂದಿಯಿಂದ ಅದನ್ನು ನೋಡಿದಳು ಎಂದು ನೀವೇ ಬರೆದಿದ್ದೀರಿ. ಆ ಬೆಳಗ್ಗೆ ಅವಳು ತಿಂಡಿ ತಿಂದು, ಜಡೆ ಹೆಣೆಸಿಕೊಂಡು, ಚೀಲ ಹೆಗಲಿಗೇರಿಸಿ ಶಾಲೆಗೆ ಹೋದಳು. ಅಲ್ಲಿ ಅವಳು ಯಾರಿಗೆ ಏನು ಹೇಳಿದಳು ಎಂಬುದು ನಿಮ್ಮ 22 ಪುಟಗಳಲ್ಲಿ ಎಲ್ಲಿಯೂ ಇಲ್ಲ. ಅದನ್ನು ಬರೆದು ಕಳಿಸಿ.